ಮೂರನೆಯ ಓಮ್

ಪ್ರಸೋಜೊನ ಅಂಗಡಿಯ ಗೋಡೆ ಗಡಿಯಾರ ಏಳು ಗಂಟೆ ಹಿಂದಿತ್ತು. ತೆಮಂಗ್ಗುಂಗ್ ಪೇಟೆಯಲ್ಲಿ ಅದನ್ನು ನೋಡಿ ನಗದವರಿಲ್ಲ. ಸುಟ್ಟ ಮಿಕ್ಸಿ ಹಿಡಿದು ಬಂದವರು, ಒಡೆದ ಸ್ಪೀಕರ್ ಹೊತ್ತು ತಂದ ಮಸೀದಿಯವರು, ಎಲ್ಲರೂ ಒಮ್ಮೆ ತಲೆಯೆತ್ತಿ ನೋಡಿ, "ನಿನ್ನ ಗಡಿಯಾರಾನೇ ಸರಿಮಾಡೋಕೆ ಬರಲ್ಲ, ನಮ್ಮದೇನು ಮಾಡ್ತೀಯೋ" ಅನ್ನುವವರೇ. ಅದು ಕೆಟ್ಟ ಗಡಿಯಾರವಲ್ಲ, ಲೋಕದ ರೇಡಿಯೊ ಹವ್ಯಾಸಿಗಳೆಲ್ಲ ಒಪ್ಪಿಕೊಂಡಿರುವ ಒಂದೇ ಸಮಯ, ಯಾವ ಊರಿಗೆ ಹೋದರೂ ಬದಲಾಗದು ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಈಗೀಗ ಹೇಳುವುದನ್ನು ಬಿಟ್ಟು ಬೈಯುತ್ತಿದ್ದ.

ಆವತ್ತು ಬೆಳಿಗ್ಗೆ ಬೀದಿಯುದ್ದಕ್ಕೂ ಬಿದಿರಿನ ತಟ್ಟೆಗಳಲ್ಲಿ ಹೊಗೆಸೊಪ್ಪು ಒಣಗುತ್ತಿತ್ತು. ಗಾಳಿ ಕೂಡ ಕಂದು ಬಣ್ಣಕ್ಕೆ ತಿರುಗಿದೆಯೇನೋ ಅನ್ನುವಷ್ಟು ವಾಸನೆ. ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಒಬ್ಬ ಹೆಂಗಸು ಒಳಗೆ ಬಂದಳು. ಗೋಡೆ ನೋಡಿದಳು, ತನ್ನ ಕೈಗಡಿಯಾರ ನೋಡಿದಳು.

"ಎರಡು ನಿಮಿಷ ಹಿಂದಿದೆ ನಿಮ್ಮದು" ಅಂದಳು.

ಪ್ರಸೋಜೊ ಬೈಯಲು ಬಾಯಿ ತೆರೆದವನು ಹಾಗೇ ಉಳಿದ. ಏಳು ಗಂಟೆ ಅನ್ನಲಿಲ್ಲ. ಎರಡು ನಿಮಿಷ. ಗೋಡೆಯ ಮೇಲೆ ಮೂರು ಗಂಟೆ ಎಂಟು ನಿಮಿಷ, ಅವಳ ಮಣಿಕಟ್ಟಿನ ಮೇಲೆ ಮೂರು ಗಂಟೆ ಹತ್ತು ನಿಮಿಷವಾಗಿತ್ತು. ಹೊರಗೆ ಪೇಟೆಯಲ್ಲಿ ಹತ್ತೂ ಹತ್ತು. ಕೈಲಿದ್ದ ಸೋಲ್ಡರಿಂಗ್ ಐರನ್ ಹೆಬ್ಬೆರಳಿಗೆ ತಾಗಿತು. "ಥೂ!" ಅಂದ. ಆ ಹೆಂಗಸಿಗೆ ಅವನು ಆಡಿದ ಮೊದಲ ಮಾತು ಅದು.

"ನಾನು ಹವಾಮಾನ ಇಲಾಖೆಯವಳು" ಅಂದಳು ಅವಳು, ನಗು ತಡೆದುಕೊಂಡು. "ನಾವೂ ಇದೇ ಸಮಯ ಹಿಡಿಯೋದು. ನನ್ನ ಹೆಸರು ವೆನಿಂಗ್. ರೇಡಿಯೊ ಲೈಸೆನ್ಸ್ ಹೋದ ತಿಂಗಳು ಬಂತು. ಏಳು ವಾರ ಬಿಟ್ಟು ತನಿಂಬಾರ್ ದ್ವೀಪಕ್ಕೆ ವರ್ಗ, ಎರಡು ವರ್ಷ. ಅಲ್ಲಿ ಕರೆಂಟು ಸಂಜೆ ಒಂದಷ್ಟು ಹೊತ್ತು ಮಾತ್ರ ಅಂತೆ. ಚೀಲದಲ್ಲಿ ಹಿಡಿಸೋ ಅಂಥ, ಬ್ಯಾಟರಿ ಕಡಿಮೆ ತಿನ್ನೋ ಅಂಥ ಸೆಟ್ ಬೇಕು. ಇಪ್ಪತ್ತು ಲಕ್ಷ ರುಪಿಯಾ ಮೀರಬಾರದು. ಯಾವುದು ತಗೊಳ್ಳಲಿ, ಓಮ್?"

ಇಪ್ಪತ್ತು ಲಕ್ಷ ರುಪಿಯಾಗೆ ಆ ಊರಲ್ಲಿ ಒಂದು ಸಾಧಾರಣ ಸೈಕಲ್ ಬರುತ್ತದೆ. ಅಷ್ಟರಲ್ಲಿ ರೇಡಿಯೊ ಹುಡುಕುವುದು ಕಷ್ಟವೇ. ಆದರೆ ಪ್ರಸೋಜೊನ ತಲೆ ಅಲ್ಲಿರಲಿಲ್ಲ. ಅವನ ತಲೆ ಕೊನೆಯ ಮಾತಿನಲ್ಲಿ ಸಿಕ್ಕಿಕೊಂಡಿತ್ತು. ಓಮ್.

ಅವಳು ಹೋದ ಮೇಲೆ ಪಕ್ಕದ ಮಳಿಗೆಯಿಂದ ಬು ಸಾರ್ತಿ ತಲೆ ಹಾಕಿದಳು. ಸೋಯಾ ಕಾಳಿನ ಟೆಂಪೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರುವವಳು, ಅರವತ್ತು ದಾಟಿದವಳು; ಬೀದಿಯವರೆಲ್ಲ ಅವಳನ್ನು ಅಮ್ಮ ಅನ್ನುವ ಹಾಗೆ 'ಬು' ಅನ್ನುವುದು. ಗೋಡೆಯ ಆಚೆಯ ಮಾತೆಲ್ಲ ಅವಳಿಗೆ ತನ್ನ ಬಾಣಲೆಯ ಸದ್ದಿಗಿಂತ ಚೆನ್ನಾಗಿ ಕೇಳುತ್ತಿತ್ತು.

"ಜೋ, ನಿನ್ನನ್ನ ಚಿಕ್ಕಪ್ಪ ಅಂದಳಲ್ಲೋ!"

"ಚಿಕ್ಕಪ್ಪ ಅಲ್ಲ ಬು. ರೇಡಿಯೊದವರು ಎಲ್ಲ ಗಂಡಸರನ್ನೂ ಓಮ್ ಅಂತಾರೆ. ಹದಿನೆಂಟು ವರ್ಷದವನಾದ್ರೂ ಓಮ್ ಅಂತಾನೇ. ಅದು ಬೇರೆ ಓಮ್."

"ಊರಲ್ಲೆಲ್ಲ ಓಮ್ ಅಂದ್ರೆ ಚಿಕ್ಕಪ್ಪ. ನಿನ್ನ ಕೂದಲು ನೋಡಿಕೋ, ನಿನಗೆ ಯಾವ ಓಮ್ ಹೊಂದುತ್ತೆ ಅಂತ."

ಕನ್ನಡಿ ಇರಲಿಲ್ಲ. ಕೆಟ್ಟುಹೋದ ಟೀವಿಯ ಪರದೆಯಲ್ಲಿ ಮುಖ ನೋಡಿಕೊಂಡ. ನಲವತ್ನಾಲ್ಕು. ಬಾಯಿ ಜೋರು ಅನ್ನುವ ಕಾರಣಕ್ಕೆ ಎರಡು ಸಂಬಂಧ ತಪ್ಪಿಹೋಗಿ, ಮೂರನೆಯದಕ್ಕೆ ಯಾರೂ ಪ್ರಯತ್ನಪಟ್ಟಿರಲಿಲ್ಲ.

*

ಮುಂದಿನ ವಾರ ಅವಳು ಬಂದಾಗ ಅವನು ಚೀನಾದ ಒಂದು ಪುಟ್ಟ ಸೆಟ್ಟನ್ನು ಒರೆಸಿ ಇಟ್ಟಿದ್ದ. ಬಣ್ಣದ ಪರದೆ, ಐದು ವಾಟ್, ಮಾತೂ ಆಡಬಹುದು, ಮೋರ್ಸ್ ಕೂಡ ಬಡಿಯಬಹುದು.

"ಇದು ಒಳ್ಳೇದು" ಅಂದ.

"ಸರಿ. ಇದೇ ಕೊಡಿ."

ಕೊಟ್ಟರೆ ತೆಗೆದುಕೊಂಡು ಹೋಗುತ್ತಾಳೆ. ಆಮೇಲೆ ಯಾಕೆ ಬರುತ್ತಾಳೆ?

"ತಡೀರಿ ಮ್ಬಾಕ್" ಅಂದ. ಆ ನಾಡಲ್ಲಿ ಹೆಂಗಸರನ್ನು ಅಕ್ಕ ಅನ್ನುವ ಹಾಗೆ ಗೌರವದಿಂದ ಕರೆಯುವ ರೀತಿ ಅದು. "ಅವಸರ ಬೇಡ. ಇದರ ಒಳಗೇ ಒಂಥರಾ ಗುಂಯ್ ಅನ್ನೋ ಸದ್ದಿದೆ. ದುರ್ಬಲ ಸಿಗ್ನಲ್ ಅದರಲ್ಲೇ ಮುಳುಗಿಹೋಗುತ್ತೆ. ಮುಂದಿನ ವಾರ ಬನ್ನಿ, ಬೇರೆ ನೋಡೋಣ."

"ಈಗ ತಾನೇ ಒಳ್ಳೇದು ಅಂದ್ರಿ!"

"ಒಳ್ಳೇದೇ. ಆದ್ರೆ ಅಷ್ಟು ಒಳ್ಳೇದಲ್ಲ."

ಅವಳು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಹೆಚ್ಚು ಕಿರಿದಾಗುತ್ತಿತ್ತು. ಮೋಡ ಅಳೆದು ಅಳೆದು ಬಂದ ಅಭ್ಯಾಸವಿರಬೇಕು ಅಂದುಕೊಂಡ. ತನ್ನನ್ನೂ ಹಾಗೇ ಅಳೆದುಬಿಟ್ಟಳೇ ಅನ್ನಿಸಿ ಕಿವಿ ಬಿಸಿಯಾಯಿತು.

ಆಮೇಲಿನ ವಾರ ಹಳೆಯ ಜಪಾನಿ ಸೆಟ್. ಅವನದೇ, ಹನ್ನೆರಡು ವರ್ಷದಿಂದ ಬಳಸಿದ್ದು. ಅವಳು ಕಿವಿಗಿಟ್ಟುಕೊಂಡು, "ಎಷ್ಟು ಶುದ್ಧವಾಗಿ ಕೇಳುತ್ತೆ! ಇದನ್ನ ಮಾರ್ತೀರಾ?" ಅಂದಳು. ಅವನು ಕೂಡಲೇ ಅದರ ಮೇಲೂ ದೂರು ಹೇಳಿದ.

"ಇದು ಸುಮ್ಮನೆ ಕೇಳಿಸಿಕೊಳ್ತಾ ಕೂತ್ರೂ ಬ್ಯಾಟರಿ ಕುಡಿಯುತ್ತೆ. ದ್ವೀಪದಲ್ಲಿ ಎರಡೇ ದಿನಕ್ಕೆ ಮಲಗಿಬಿಡುತ್ತೆ. ಎಲ್ರೂ ಬಂದು ಎಷ್ಟು ದೂರ ಮಾತಾಡುತ್ತೆ ಅಂತ ಕೇಳ್ತಾರೆ. ಮುಠ್ಠಾಳರು! ಐದು ವಾಟ್ ಅಂದ್ರೆ ಒಂದು ಪುಟ್ಟ ಬಲ್ಬು. ಮಾತು ಹೇಗಾದ್ರೂ ಹೋಗುತ್ತೆ. ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತೆ, ಕೇಳಿಸಿಕೊಳ್ಳೋವಾಗ ಎಷ್ಟು ಕುಡಿಯುತ್ತೆ, ಅದನ್ನ ನೋಡಿ ಸೆಟ್ ಆರಿಸಬೇಕು."

"ನಿಮ್ಮದು ಹೇಗೆ?"

"ಇದೇ ನನ್ನದು."

"ಸೆಟ್ ಅಲ್ಲ. ನೀವು. ನೀವು ಎಷ್ಟು ಚೆನ್ನಾಗಿ ಕೇಳಿಸಿಕೊಳ್ತೀರಿ, ಓಮ್?"

"ನನ್ನ ಕಿವಿ ಚೆನ್ನಾಗಿದೆ" ಅಂದ. ಗೋಡೆಯಾಚೆ ಬು ಸಾರ್ತಿಗೆ ಕೆಮ್ಮು ಹತ್ತಿತು.

ಐದನೆಯ ವಾರ ಸಿಂಡೊರೊ ಬೆಟ್ಟದ ಇಳಿಜಾರಿನ ಚಹಾ ತೋಟಕ್ಕೆ ಹೋದರು. ಸೆಟ್ಟುಗಳನ್ನು ಬಯಲಲ್ಲಿ ನೋಡದೆ ಆರಿಸಲಾಗದು ಎಂದು ಅವನೇ ಹೇಳಿದ್ದ. ಭಾನುವಾರ, ಎಳೆ ಬಿಸಿಲು. ಅವನು ಕಲ್ಲಿಗೆ ದಾರ ಕಟ್ಟಿ ಮರದ ಕೊಂಬೆಯ ಮೇಲೆ ಎಸೆದ; ಎರಡು ಬಾರಿ ತಪ್ಪಿತು. ಅವಳು ಒಂದೇ ಏಟಿಗೆ ಎಸೆದಳು. ದಾರದ ಹಿಂದೆ ಆಂಟೆನಾ ತಂತಿ ಮೇಲೇರಿ ಬಿಸಿಲಲ್ಲಿ ಕೂದಲೆಳೆಯ ಹಾಗೆ ಹೊಳೆಯಿತು.

ಇಯರ್‌ಫೋನ್ ಒಂದೇ ಇತ್ತು. ಅವಳ ಬಲಗಿವಿಗೆ ಒಂದು, ಅವನ ಎಡಗಿವಿಗೆ ಒಂದು. ತಲೆಗಳ ನಡುವೆ ಒಂದು ಗೇಣು ಜಾಗ, ಅದರಲ್ಲಿ ಮಲ್ಲಿಗೆ ಚಹಾದ ಹಬೆ. ದೂರದ ಸುಲಾವೆಸಿ ದ್ವೀಪದಿಂದ ಯಾರೋ ಒಬ್ಬ ತನ್ನ ಊರಿನ ಮೀನಿನ ವಿಷಯ ಹೇಳುತ್ತಿದ್ದ. ಆಮೇಲೆ ಮೋರ್ಸಿನ ಸಣ್ಣ ಕೂಗು, ಹಕ್ಕಿಮರಿಯ ಹಾಗೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅವಳ ಕಣ್ಣೆವೆ ಆ ಸದ್ದಿಗೆ ಅದುರುವುದನ್ನು ನೋಡಿದ ಪ್ರಸೋಜೊ ಹೆದರಿ, ಬ್ಯಾಟರಿಯ ಮೀಟರಿನ ಮೇಲೆ ಕಣ್ಣು ನೆಟ್ಟ.

ಸ್ವಲ್ಪ ಹೊತ್ತಿಗೆ ಅವಳ ಬೆರಳು ಥರ್ಮಾಸಿನ ಮುಚ್ಚಳದ ಮೇಲೆ ಆಡಿತು. ಒಮ್ಮೆ ತಟ್ಟಿದಳು, ಉಗುರಿನಿಂದ ಮೂರು ಸಲ ಉದ್ದಕ್ಕೆ ಗೀರಿದಳು, ತಡೆದು, ಮತ್ತೆ ಮೂರು ಸಲ ಗೀರಿದಳು. ಅದನ್ನೇ ಮತ್ತೊಮ್ಮೆ.

"ಕೇಳಿಸ್ತಾ?" ಅಂದಳು.

"ಏನು? ಸುಲಾವೆಸಿಯವನಾ? ಹೋಗಿಬಿಟ್ಟ" ಅಂದ ಅವನು, ಮೀಟರಿನಿಂದ ಕಣ್ಣೆತ್ತದೆ. "ಬೇಜಾರಾಯ್ತಾ ನಿಮಗೆ?"

ಅವಳು ಅವನನ್ನೇ ದಿಟ್ಟಿಸಿ ನೋಡಿ, ಚಹಾ ಚೆಲ್ಲಿ, ಮುಚ್ಚಳ ಬಿಗಿದಳು. ಯಾಕೆ ಅಂತ ಅವನಿಗೆ ಸುತರಾಂ ಅರ್ಥವಾಗಲಿಲ್ಲ.

*

ಆರನೆಯ ವಾರ ಅಂಗಡಿಯಲ್ಲಿ ನಿಂತಿರುವಾಗ ಅವಳಿಗೆ ಫೋನು ಬಂತು. ಅವಳ ಅಕ್ಕ ಇರಬೇಕು. ವೆನಿಂಗ್ ಕಿಟಕಿಯ ಕಡೆ ತಿರುಗಿದಳು, ಆದರೆ ದನಿ ತಗ್ಗಿಸಲಿಲ್ಲ.

"ಹೂಂ ಅಕ್ಕ, ರೇಡಿಯೊ ಅಂಗಡೀಲೇ ಇದೀನಿ... ಇನ್ನೂ ಇಲ್ಲ, ವಾರಕ್ಕೊಂದು ಹೇಳ್ತಾರೆ... ಯಾಕೆ ಅಂದ್ರೆ? ದಿನಾ ಸಂಜೆ ನನ್ನ ಓಮ್ ಜೊತೆ ಮಾತಾಡೋಕೆ. ಇನ್ಯಾತಕ್ಕೆ?"

ಪ್ರಸೋಜೊನ ಕೈಲಿದ್ದ ಸ್ಕ್ರೂ ಬಿತ್ತು. ನೆಲದ ಮೇಲೆ ಉರುಳುತ್ತಾ ಬೆಂಚಿನ ಕೆಳಗೆ ಹೋಯಿತು. ಅವನು ಅದರ ಹಿಂದೆಯೇ ಬೆಂಚಿನ ಕೆಳಗೆ ಹೋದ. ಮೇಲೇಳಲು ಮನಸ್ಸಾಗಲಿಲ್ಲ.

ಬು ಸಾರ್ತಿಗೆ ಹೇಳಿದ್ದು ಎರಡೇ ಅರ್ಥ. ಮೂರನೆಯದೊಂದಿದೆ. ರೇಡಿಯೊದ ಹೆಂಗಸು 'ನನ್ನ ಓಮ್' ಅಂದರೆ ಗಂಡ. ಲೋಕದಲ್ಲೆಲ್ಲ ಹಾಗೇ.

ಗಂಡನೋ? ಬೆರಳಲ್ಲಿ ಉಂಗುರವಿಲ್ಲ. ಚಿಕ್ಕಪ್ಪನೋ? ಚಿಕ್ಕಪ್ಪನ ಜೊತೆ ದಿನಾ ಸಂಜೆ ಯಾರು ಮಾತಾಡುತ್ತಾರೆ? ಕೇಳಬಹುದಿತ್ತು. ಬಾಯಿ ಇತ್ತು, ಊರಿಗೇ ಗೊತ್ತಿದ್ದ ಬಾಯಿ. ಕೇಳಲಿಲ್ಲ. ಬದಲು ಸಿಟ್ಟಿನಿಂದ ಎದ್ದು ನಿಂತು ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದ. ಅಂಗೈಯಷ್ಟಗಲ. ಬಿಡಿಭಾಗ ತರಿಸಿ ತಾನೇ ಬೆಸುಗೆ ಹಾಕಿ ಕೂಡಿಸಿದ್ದು. ಅದರಲ್ಲಿ ಮಾತಾಡಲಾಗದು. ಮೋರ್ಸ್ ಮಾತ್ರ.

"ಇದನ್ನ ತಗೊಳ್ಳಿ. ಅರ್ಧ ಬೆಲೆ. ಕೇಳಿಸಿಕೊಳ್ಳೋವಾಗ ಆ ಜಪಾನಿ ಸೆಟ್ ಕುಡಿಯೋದರಲ್ಲಿ ಹತ್ತನೇ ಒಂದು ಪಾಲು ಕುಡಿಯುತ್ತೆ."

ಹೇಳಿದ್ದೆಲ್ಲ ನಿಜ. ಅದರ ಹಿಂದಿನ ಉದ್ದೇಶ ಮಾತ್ರ ಕೊಳಕು. ಈಗಿನ ಕಾಲದಲ್ಲಿ ಮೋರ್ಸ್ ಯಾರಿಗೆ ಬರುತ್ತದೆ? ಅವಳ ಆ ಓಮ್‌ಗಂತೂ ಬಂದಿರದು. ಬಡಿದುಕೊಳ್ಳಲಿ ಇಬ್ಬರೂ!

ಅವಳು ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನೋಡಿದಳು. ಮುಖ ಅರಳಿತು. "ಇದೇ ನೋಡಿ ನನಗೆ ಬೇಕಾಗಿದ್ದು! ಮೊದಲನೇ ದಿನಾನೇ ಯಾಕೆ ಕೊಡಲಿಲ್ಲ?"

ಅವನಿಗೆ ಇನ್ನಷ್ಟು ಗೊಂದಲವಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಬಾಗಿಲಲ್ಲಿ ನಿಂತು ಅವಳು ಹೇಳಿದಳು: "ಗುರುವಾರ ನಾಲ್ಕಕ್ಕೆ ಸುರಬಾಯಾ ಬಸ್ಸು. ಊರಿನ ನಾಲ್ಕು, ಗೋಡೆಯ ನಾಲ್ಕಲ್ಲ. ಅಲ್ಲಿಂದ ಹಡಗು. ಹೇಳಿದೀನಿ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ."

*

ಬುಧವಾರ ಊಟ ಸೇರಲಿಲ್ಲ. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ. ಎರಡು ವರ್ಷ ಸಮುದ್ರದ ನಡುವೆ ಒಬ್ಬಳೇ ಇರುವ ಹೆಂಗಸು. ಸಂಜೆ ಗಂಡನ ದನಿ ಕೇಳಲು ಕೂತರೆ ಕೈಯಲ್ಲೊಂದು ಮೂಗ ಡಬ್ಬಿ.

ಗುರುವಾರ ಮೂರೂವರೆಗೆ ಅಂಗಡಿಯ ಬಾಗಿಲೆಳೆದ. ಹನ್ನೆರಡು ವರ್ಷದ ಜಪಾನಿ ಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಎಲ್ಲಿಗೋ ಜೋ? ಮಸೀದಿಯವರು ಆಂಪ್ಲಿಫೈಯರಿಗೆ ಬರ್ತಾರೆ!" ಅಂದಳು ಬು ಸಾರ್ತಿ.

"ಬಂದ್ರೆ ಟೆಂಪೆ ತಿನ್ನಿಸು!"

ಬಸ್ ನಿಲ್ದಾಣದಲ್ಲಿ ಅವಳು ಎರಡು ಚೀಲದ ಮೇಲೆ ಕೂತು ಸುತ್ತ ನೋಡುತ್ತಿದ್ದಳು. ಅವನನ್ನು ಕಂಡು ಮುಖದಲ್ಲಿ ಏನೋ ಬೆಳಗಿತು. ಕೂಡಲೇ ಅದನ್ನು ಅಡಗಿಸಿ, "ಬಂದ್ರಾ?" ಅಂದಳು.

"ಇದನ್ನ ಇಟ್ಟುಕೊಳ್ಳಿ" ಅಂತ ಟವೆಲ್ಲಿನ ಗಂಟನ್ನು ಅವಳ ಮಡಿಲಿಗೆ ತುರುಕಿದ. "ದುಡ್ಡು ಬೇಡ. ಆ ಡಬ್ಬಿ ವಾಪಸ್ ಕೊಡಿ. ನಾನು ಬೇಕಂತಲೇ ಕೆಟ್ಟದ್ದು ಕೊಟ್ಟೆ."

"ಕೆಟ್ಟದ್ದಾ? ಮೂರು ದಿನದಿಂದ ಕೇಳ್ತಿದೀನಿ, ಬೆಳ್ಳಿ ಗೆಜ್ಜೆ ಹಾಗಿದೆ!"

"ಅದರಲ್ಲಿ ಮಾತಾಡೋಕಾಗಲ್ಲ!" ಅವನ ದನಿ ಏರಿತು. ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. "ನಿಮ್ಮ ಓಮ್‌ಗೆ ಮೋರ್ಸ್ ಬರುತ್ತಾ?"

ವೆನಿಂಗ್ ಅವನನ್ನೇ ನೋಡಿದಳು. ಎಡಗಣ್ಣು ಕಿರಿದಾಯಿತು.

"ಬರುತ್ತೆ. ತುಂಬಾ ಚೆನ್ನಾಗಿ ಬರುತ್ತೆ ಅಂತ ಊರೆಲ್ಲ ಹೇಳುತ್ತೆ. ಆದ್ರೆ ಕಿವಿ ಮಾತ್ರ ಸತ್ತುಹೋಗಿದೆ."

"ಯಾರವನು?"

"ಅಯ್ಯೋ ದೇವರೇ! ಏಳು ವಾರದಿಂದ ನಾನು ಯಾರನ್ನ ಓಮ್ ಓಮ್ ಅಂತ ಕರೀತಿರೋದು? ಬಾಳೆಹಣ್ಣಿನವನನ್ನಾ?"

ಬಸ್ಸಿನವನು ಹಾರ್ನ್ ಹೊಡೆದ. ಆ ಸದ್ದೂ ಅವನಿಗೆ ಎಲ್ಲೋ ದೂರದಿಂದ ಬಂದ ಹಾಗಿತ್ತು.

"ಅದು... ರೇಡಿಯೊದ ರೂಢಿಗೆ ಕರೀತೀರಿ ಅಂದುಕೊಂಡೆ. ಇಲ್ಲಾ ಚಿಕ್ಕಪ್ಪ ಅಂತ."

"ನೀವು ನನ್ನನ್ನ ಮ್ಬಾಕ್ ಮ್ಬಾಕ್ ಅಂತಿದ್ರಲ್ಲ, ನಾನೇನು ನಿಮ್ಮ ಅಕ್ಕನಾ?" ಅವಳಿಗೂ ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ಕಣ್ಣು ಹೊಳೆಯುತ್ತಿತ್ತು. "ನನಗೆ ಗಂಡ ಇಲ್ಲ. ಇದ್ದ, ಬಿಟ್ಟು ಹತ್ತು ವರ್ಷ ಆಯ್ತು. ನನ್ನಪ್ಪ ಬಂದರಿನಲ್ಲಿ ತಂತಿ ಬಡೀತಿದ್ದವನು. ಅಕ್ಷರಕ್ಕಿಂತ ಮೊದಲು ನನಗೆ ಮೋರ್ಸ್ ಬಂತು. ಒಂದು ದಿನಾನಾದ್ರೂ ಕೇಳಿದ್ರಾ ನನ್ನ? ಬ್ಯಾಟರಿ ಎಷ್ಟು ಕುಡಿಯುತ್ತೆ ಅಂತ ಅದನ್ನೇ ನೋಡ್ತಿದ್ರಿ. ಬೆಟ್ಟದ ಮೇಲೆ ಥರ್ಮಾಸ್ ಮುಚ್ಚಳದ ಮೇಲೆ ಬಡಿದೆ. ಒಂದಲ್ಲ, ಎರಡು ಸಲ. ನೀವು ಮೀಟರ್ ನೋಡ್ತಾ ಕೂತ್ರಿ!"

ಒಮ್ಮೆ ತಟ್ಟಿದ್ದು. ಮೂರು ಗೀರು. ತಡೆದು, ಮತ್ತೆ ಮೂರು ಗೀರು. ಈಗ, ಡೀಸೆಲ್ ಹೊಗೆಯ ನಡುವೆ, ಹನ್ನೊಂದು ದಿನ ತಡವಾಗಿ, ಅದು ಅವನ ಕಿವಿಗೆ ಬಂದು ಮುಟ್ಟಿತು.

"ಜೋ" ಅಂದ ಮೆಲ್ಲಗೆ.

"ಹೂಂ. ಜೋ. ಹಿಂದೆ ಮುಂದೆ ಏನೂ ಹಚ್ಚದೆ, ಬರೀ ಹೆಸರು. ಬಾಯಲ್ಲಿ ಹೇಳೋಕೆ ನಾಚಿಕೆ ಅಂತ ಬೆರಳಲ್ಲಿ ಹೇಳಿದೆ."

ಬಸ್ಸು ಮಿಸುಕಿತು. ಅವಳು ಜಪಾನಿ ಸೆಟ್ಟನ್ನು ಅವನ ಎದೆಗೆ ಒತ್ತಿ ವಾಪಸ್ ಕೊಟ್ಟಳು. "ಕುಡುಕ ಸೆಟ್ ನನಗೆ ಬೇಡ. ಇದು ಇಲ್ಲೇ ಇರಲಿ, ನಿಮಗೆ ಕೇಳಿಸಿಕೊಳ್ಳೋಕೆ ಬೇಕಾಗುತ್ತೆ." ಚೀಲ ಹೊತ್ತು ಮೆಟ್ಟಿಲೇರಿದಳು. ಅವನು ಬಸ್ಸಿನ ಪಕ್ಕದಲ್ಲೇ ಓಡಿದ. ನಲವತ್ನಾಲ್ಕು ವರ್ಷದ ಗಂಡಸು, ಕಂಕುಳಲ್ಲಿ ಟವೆಲ್ಲಿನ ಗಂಟು.

"ವೆನಿಂಗ್! ಓಮ್ ಅಂದ್ರೆ ಮೂರು ಇದೆ! ಒಂದು ಚಿಕ್ಕಪ್ಪ, ಎರಡು ರೇಡಿಯೊದ್ದು, ಮೂರು..." ಮೂರನೆಯದನ್ನು ಹೇಳಲು ಉಸಿರು ಸಾಲಲಿಲ್ಲ. ಧೈರ್ಯವೂ ಸಾಲಲಿಲ್ಲ. "ನನ್ನ ಓಮ್ ಅಂದ್ರಲ್ಲ, ಯಾವುದು?"

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ತಲೆವಸ್ತ್ರ ಗಾಳಿಗೆ ಹಾರುತ್ತಿತ್ತು. "ಬಸ್ಸಲ್ಲಿ ಕೂಗೋ ಮಾತಾ ಅದು? ಡಬ್ಬಿ ಕೊಟ್ಟಿದೀರಲ್ಲ, ಅದರಲ್ಲಿ ಕೇಳಿ. ಗೋಡೆಯ ಹತ್ತಕ್ಕೆ!"

*

ಗೋಡೆಯ ಹತ್ತು ಅಂದರೆ ಪೇಟೆಯ ಸಂಜೆ ಐದು. ದಿನಾ ಅಷ್ಟು ಹೊತ್ತಿಗೆ ಅವನು ಜಪಾನಿ ಸೆಟ್ಟಿನ ಮುಂದೆ ಕೂತ. ಹಡಗು ಮುಟ್ಟಲು ಹತ್ತು ದಿನ ಬೇಕೆಂದು ಗೊತ್ತಿದ್ದೂ ಮೊದಲ ದಿನದಿಂದಲೇ ಕೂತ. ಹತ್ತು ಕಳೆಯಿತು. ಹದಿನಾಲ್ಕು ಕಳೆಯಿತು. ಡಬ್ಬಿಯಲ್ಲಿ ಬೆಸುಗೆ ಬಿಟ್ಟಿತೋ? ಮನಸ್ಸು ಬದಲಾಯಿತೋ? ಬಸ್ ನಿಲ್ದಾಣದಲ್ಲಿ ತಾನು ಕೇಳಿದ್ದೇ ತಪ್ಪೋ? ಆಂಟೆನಾವನ್ನು ಬೈದ, ರೇಡಿಯೊ ಅಲೆ ಕೆಡಿಸುವ ಸೂರ್ಯನ ಕಲೆಗಳನ್ನು ಬೈದ, ಮಿಕ್ಸಿ ತಂದವರನ್ನೂ ಬೈದ. ಬು ಸಾರ್ತಿ ಏನೂ ಕೇಳದೆ ಒಂದು ತಟ್ಟೆ ಬಿಸಿ ಟೆಂಪೆ ತಂದಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂರುವಳು.

ಹದಿನೇಳನೆಯ ಸಂಜೆ, ಮಳೆಯಂಥ ಸದ್ದಿನ ತಳದಲ್ಲಿ ಏನೋ ಅಲುಗಿತು. ಸೂಜಿಯ ಮೊನೆಯಷ್ಟು ಸಣ್ಣ ದನಿ. ಒಂದು ಚುಕ್ಕೆ, ಮೂರು ಗೆರೆ. ತಡೆದು, ಮೂರು ಗೆರೆ.

ಜೋ. ಜೋ. ಜೋ.

ಸಾವಿರಕ್ಕೂ ಹೆಚ್ಚು ಮೈಲಿ ನೀರು ದಾಟಿ, ಒಂದು ಪುಟ್ಟ ಬಲ್ಬಿನಷ್ಟು ಬೆಳಕು. ಅವನು ಮೋರ್ಸ್ ಬಡಿಯುವ ಕೀಲಿಯ ಮೇಲೆ ಬೆರಳಿಟ್ಟ. ಲೋಕದ ರೇಡಿಯೊದವರೆಲ್ಲ ಕೇಳುತ್ತಿರಬಹುದು, ಕೇಳಲಿ. ಬಡಿದ: ಓಮ್. ಒಂದು? ಎರಡು? ಮೂರು?

ಬರೀ ಆ ಮಳೆಯಂಥ ಸದ್ದು. ದನಿ ಮುಳುಗಿಹೋಯಿತೇ ಎಂದು ಅವನು ಹಣೆಯನ್ನು ಸೆಟ್ಟಿಗೆ ಆನಿಸಿದ. ಮೀಟರ್ ನೋಡಲಿಲ್ಲ. ಕಣ್ಣು ಮುಚ್ಚಿದ, ಅವಳು ಬೆಟ್ಟದ ಮೇಲೆ ಮುಚ್ಚಿದ ಹಾಗೆ.

ಮೂರು ಚುಕ್ಕೆ. ಎರಡು ಗೆರೆ.

ಮತ್ತೊಮ್ಮೆ, ನಿಧಾನವಾಗಿ, ಕಿವುಡನಿಗೆ ಹೇಳುವ ಹಾಗೆ: ಮೂರು ಚುಕ್ಕೆ, ಎರಡು ಗೆರೆ.

"ಏನಂತೋ? ಅಳ್ತಿದೀಯಲ್ಲ, ಏನಂತೆ?" ಬು ಸಾರ್ತಿ ಅವನ ಭುಜ ಹಿಡಿದು ಅಲ್ಲಾಡಿಸಿದಳು.

"ಮೂರು ಅಂತೆ, ಬು."

"ಏನು ಮೂರು?" ಮುದುಕಿ ತಲೆಯೆತ್ತಿ ಗೋಡೆ ನೋಡಿದಳು, ಬೀದಿಯ ಬಿಸಿಲು ನೋಡಿದಳು. "ಹೊರಗೆ ಐದು, ಈ ಹಾಳು ಗಡಿಯಾರದಲ್ಲಿ ಹತ್ತು, ನೀನು ನೋಡಿದ್ರೆ ಮೂರು ಅಂತೀಯ! ಈ ಅಂಗಡೀಲಿ ಯಾವುದಾದ್ರೂ ಒಂದು ಸರಿ ಇದೆಯೇನೋ?"

ಪ್ರಸೋಜೊ ಬೈಯಲಿಲ್ಲ.

"ಎಲ್ಲಾ ಸರಿ ಇದೆ" ಅಂದ.